ನಲವತ್ತಾರರ ಮುಂದಿನ ಅಕ್ಷರಗಳು

ನೂರ ಹದಿನೇಳಕ್ಕೆ ಲೆಕ್ಕ ತಪ್ಪಿತು. ಇಪ್ಪತ್ತೊಂಬತ್ತು ವರ್ಷಗಳ ಕೆಲಸದಲ್ಲಿ ಹೀಗಾದದ್ದು ಬೆರಳೆಣಿಕೆಯಷ್ಟು ಸಲ. ಆದ್ದರಿಂದ ಅಕ್ಕ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, ಬೆರಳನ್ನು ಎಣಿಕೆಯ ಗುಂಡಿಯ ಮೇಲೇ ಇಟ್ಟುಕೊಂಡು, ತಪ್ಪು ಎಲ್ಲಿಂದ ಬಂತೆಂದು ಹುಡುಕಿದಳು. ಗಾಜಿನ ಮೇಲೆ ಕೊರೆದ ಚೌಕಗಳು ನಿನ್ನೆಯಂತೆಯೇ ಇದ್ದವು. ಚೌಕದ ಮೇಲಿನ ಗೆರೆಯನ್ನೋ ಎಡಗಡೆಯ ಗೆರೆಯನ್ನೋ ಮುಟ್ಟಿದ ಜೀವಕೋಶವನ್ನು ಎಣಿಸಬೇಕು. ಕೆಳಗಿನದನ್ನೋ ಬಲಗಡೆಯದನ್ನೋ ಮುಟ್ಟಿದ್ದನ್ನು ಬಿಡಬೇಕು. ಇಲ್ಲದಿದ್ದರೆ ಒಂದೇ ಕೋಶ ಎರಡು ಚೌಕಗಳ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ನಿಯಮ. ಗೆರೆಯ ಮೇಲೆ ಕುಳಿತದ್ದಕ್ಕೂ ಒಂದು ನ್ಯಾಯವಿದೆಯಲ್ಲ ಎಂದು ಅಂದು ಅವಳಿಗೆ ಸಂತೋಷವಾಗಿತ್ತು. ತಪ್ಪು ಗಾಜಿನ ಮೇಲಿರಲಿಲ್ಲ. ಬೆನ್ನ ಹಿಂದೆ ಯಾರೋ ಬಂದು ನಿಂತು, ಮಾತಾಡದೆ, ಕಾಗದವೊಂದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದರು. ಹಾಗೆ ನಿಲ್ಲುವವನು ಪ್ರಯೋಗಾಲಯದಲ್ಲಿ ಒಬ್ಬನೇ, ಮುಖ್ಯಸ್ಥ. ಸಣ್ಣಗೆ, ಬೆಳ್ಳಗೆ, ಉದ್ದಕ್ಕೆ ಇರುವ ಅವನಿಗೆ ಹಿಂದಿನಿಂದ ಎಲ್ಲರೂ ಕರೆಯುವ ಹೆಸರು ಸೀಮೆಸುಣ್ಣ. ಅವಳನ್ನು ಎಲ್ಲರೂ ಎದುರಿಗೇ ಕರೆಯುವುದು ಅಕ್ಕ ಎಂದು.

"ಅಕ್ಕ, ಒಂದು ನಿಮಿಷ ಒಳಗೆ ಬರ್ತೀರಾ?"

"ಎಣಿಕೆ ಮುಗಿಸಿ ಬರ್ತೀನಿ."

"ಎಣಿಕೆ ಇರಲಿ ಬಿಡಿ."

ಎಣಿಕೆ ಇರಲಿ ಬಿಡಿ ಎಂದು ಈ ಮನುಷ್ಯ ಹಿಂದೆಂದೂ ಹೇಳಿದವನಲ್ಲ. ಅವಳು ಕೈಗವಸು ಕಳಚಿ, ತಟ್ಟೆಯ ಮುಚ್ಚಳ ಮುಚ್ಚಿ, ಅದನ್ನು ಇನ್‌ಕ್ಯುಬೇಟರಿನ ಎರಡನೆಯ ಅಂತಸ್ತಿನಲ್ಲಿ ಇಟ್ಟು ಬಾಗಿಲು ಹಾಕಿದಳು. ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ ಒಂಬತ್ತು ಎಂದು ಬರೆದಿತ್ತು. ಇಲ್ಲಿ ಬೆಳೆಯುವುದು ಮನುಷ್ಯರ ಮೂತ್ರಪಿಂಡದ ಮಾದರಿ. ಕೇಳಲು ದೊಡ್ಡದು, ನೋಡಿದರೆ ಸಾಸಿವೆ ಕಾಳಿನಷ್ಟು. ರೋಗಿಯ ಮೂತ್ರದಲ್ಲಿ ಕಳಚಿ ಬಂದ ನಾಲ್ಕಾರು ಜೀವಕೋಶಗಳನ್ನು ಹಿಡಿದು, ಅವು ತಮ್ಮ ಕಸುಬನ್ನು ಮರೆತು ಗರ್ಭದ ಮೊದಲ ದಿನಗಳಿಗೆ ಮರಳುವಂತೆ ಮಾಡಿ, ಆಮೇಲೆ ಇಪ್ಪತ್ತೈದು ದಿನ ಲೆಕ್ಕ ತಪ್ಪದೆ ಬಗೆಬಗೆಯ ಪೋಷಕ ದ್ರವ ಉಣಿಸಿದರೆ, ತಟ್ಟೆಯ ತಳದಲ್ಲಿ ಸಣ್ಣ ನಾಳಗಳು ಸುರುಳಿ ಸುತ್ತಿಕೊಂಡು ಕುಳಿತಿರುತ್ತವೆ. ಅವುಗಳಿಂದ ಮೂತ್ರ ಬರುವುದಿಲ್ಲ. ಅವುಗಳನ್ನು ಯಾರ ಹೊಟ್ಟೆಯಲ್ಲೂ ಇಡಲಾಗುವುದಿಲ್ಲ. ಹೊಸ ಔಷಧಿಯನ್ನು ಮನುಷ್ಯನಿಗೆ ಕೊಡುವ ಮೊದಲು ಅವುಗಳ ಮೇಲೆ ಸುರಿದು, ಯಾವ ನಾಳ ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡುತ್ತಾರೆ, ಅಷ್ಟೆ. ಒಬ್ಬ ರೋಗಿಯ ಕೋಶಗಳಿಂದ ಬೆಳೆದು ಬಂದದ್ದಕ್ಕೆಲ್ಲ ಸೇರಿ ಇಲ್ಲಿ ಒಂದು ಸಾಲು ಎನ್ನುತ್ತಾರೆ. ಇಂಥ ಹದಿನಾಲ್ಕು ಸಾಲುಗಳು ಅಲ್ಲಿದ್ದವು, ಹದಿನಾಲ್ಕು ರೋಗಿಗಳಿಂದ ಬಂದವು. ಒಂಬತ್ತನೆಯದು ಅವಳ ತಮ್ಮನದು. ನಾಲ್ಕು ವರ್ಷಗಳಿಂದ ದಿನ ಬಿಟ್ಟು ದಿನ ಅದಕ್ಕೆ ದ್ರವ ಬದಲಾಯಿಸಿದವಳು ಅವಳು, ಭಾನುವಾರವೆನ್ನದೆ, ಜ್ವರವೆನ್ನದೆ. ಏಳುನೂರ ಮೂವತ್ತು ಊಟ. ಬೇರೆಯವರು ಬೇರೆ ಸಾಲುಗಳನ್ನು ಮುಟ್ಟಬಹುದಿತ್ತು, ಒಂಬತ್ತನ್ನು ಮುಟ್ಟುತ್ತಿರಲಿಲ್ಲ. ಅದರ ಬಗ್ಗೆ ಯಾರೂ ಯಾರಿಗೂ ಹೇಳಿರಲಿಲ್ಲ.

ಮುಖ್ಯಸ್ಥನ ಕೋಣೆಗೆ ಮೂರು ಕಡೆ ಗಾಜು. ಒಳಗೆ ಕುಳಿತವರ ಮುಖವನ್ನು ಹೊರಗಿನವರು ಕೆಲಸ ಮಾಡುತ್ತಲೇ ನೋಡಬಹುದು. ಅವನು ಕಾಗದವನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿ ಇಟ್ಟ. ಗುರುತಿನ ಪರೀಕ್ಷೆಯ ಫಲ. ಈ ಸಾಲುಗಳ ಮೇಲೆ ಮುಖ್ಯಸ್ಥ ಬರೆದ ಲೇಖನ ಅಚ್ಚಾಗುವ ಮೊದಲು ಪ್ರತಿ ಸಾಲೂ ಅದರ ದಾನಿಯದೇ ಹೌದೆಂದು ರಕ್ತದೊಡನೆ ಹೋಲಿಸಿ ತೋರಿಸಬೇಕು ಎಂದು ಪತ್ರಿಕೆಯವರು ಬರೆದಿದ್ದರು. ಎರಡು ವಾರಗಳ ಹಿಂದೆ ಅವಳೇ ಹೋಗಿ ತಮ್ಮನ ರಕ್ತ ತಂದಿದ್ದಳು.

"ಒಂಬತ್ತು ನಿಮ್ಮ ತಮ್ಮನದಲ್ಲ ಅಕ್ಕ."

"ಅಂದ್ರೆ?"

"ಅಂದ್ರೆ, ಗಂಡಸಿನದೇ ಅಲ್ಲ. ಹೆಂಗಸಿನದು."

ಅವಳಿಗೆ ಮೊದಲು ಅನಿಸಿದ್ದು, ಹೊರಗೆ ಯಾರು ಯಾರು ನೋಡುತ್ತಿದ್ದಾರೆ ಎಂದು. ಅವನು ಪೆನ್ನಿನ ಕ್ಯಾಪನ್ನು ತೆಗೆದು ಮತ್ತೆ ಹಾಕಿದ. "ಕೇಳಬಾರದು, ಆದ್ರೂ ಕೇಳಬೇಕು. ಶುರುವಿನಲ್ಲಿ, ಅಭ್ಯಾಸಕ್ಕೆ ಅಂತ, ನೀವೇನಾದ್ರೂ ನಿಮ್ಮದೇ..."

"ನನ್ನದೇ ಏನು?"

"ನಿಮ್ಮದೇ ಸ್ಯಾಂಪಲ್ ತಂದು ಮಾಡಿದ್ರಾ ಅಂತ. ಮಾಡ್ತಾರೆ ಕೆಲವರು. ಆಮೇಲೆ ಬಾಟ್ಲಿ ಅದಲು ಬದಲಾಗುತ್ತೆ."

ಇವನು ಮೊದಲ ಸಲ ಪಿಪೆಟ್ ಹಿಡಿದಾಗ ಹೆಬ್ಬೆರಳನ್ನು ಎಲ್ಲಿಡಬೇಕೆಂದು ತೋರಿಸಿಕೊಟ್ಟವಳು ಅವಳು. ಅವಳು ಕಾಗದ ಎಳೆದುಕೊಂಡು ಕಾಲಂಗಳ ಮೇಲೆ ಉಗುರು ಎಳೆಯುತ್ತ ಹೋದಳು. ಡಿಎನ್‌ಎಯ ಹದಿನಾರು ಜಾಗ, ಜಾಗಕ್ಕೆ ಎರಡು ಸಂಖ್ಯೆ, ಒಟ್ಟು ಮೂವತ್ತೆರಡು. "ನನ್ನದಾಗಿದ್ರೆ ಅರ್ಧದಷ್ಟಾದ್ರೂ ಅವನ ಜೊತೆ ಹೊಂದಬೇಕಿತ್ತು. ಒಡಹುಟ್ಟಿದವಳು ನಾನು. ಇಲ್ಲಿ ಮೂವತ್ತೆರಡಕ್ಕೆ ಹೊಂದಿರೋದು ಒಂಬತ್ತೇ. ದಾರಿಲಿ ಹೋಗೋರನ್ನ ಹಿಡ್ಕೊಂಡು ಬಂದ್ರೂ ಇಷ್ಟು ಹೊಂದುತ್ತೆ."

"ಸರಿ, ಸರಿ. ಬೇಜಾರು ಮಾಡ್ಕೋಬೇಡಿ. ಆದ್ರೆ ಇದಕ್ಕೇನು ಹೇಳ್ತೀರಿ?" ಅವನು ಹಳೆಯ ಫೈಲೊಂದನ್ನು ಬಿಡಿಸಿದ. ಮೂರು ವರ್ಷಗಳ ಹಿಂದೆ ಹೊರಗಿನಿಂದ ಮಾಡಿಸಿದ ವರ್ಣತಂತುಗಳ ವರದಿ. ನಲವತ್ತಾರು ಎಂದು ಅಚ್ಚಾಗಿತ್ತು; ಅದರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಅವಳು ಹಾಕಿದ ಸರಿಯ ಗುರುತು. ನಲವತ್ತಾರರ ಮುಂದೆ ಒಂದು ಅಲ್ಪವಿರಾಮ, ಅದರ ಮುಂದೆ ಎರಡು ಅಕ್ಷರ. ಎಕ್ಸ್, ಮತ್ತೆ ಎಕ್ಸ್. ಗಂಡಸಿನದಾಗಿದ್ದರೆ ಎರಡನೆಯದು ವೈ ಆಗಬೇಕಿತ್ತು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಸಂಖ್ಯೆ ಕೂಡಿ ಬಂದದ್ದನ್ನು ನೋಡಿ ಅವಳ ಕಣ್ಣು ಅಲ್ಲಿಗೇ ನಿಂತಿತ್ತು. ಒಂದು ಅಕ್ಕಿಕಾಳಿನಷ್ಟು ದೂರ ಬಲಕ್ಕೆ ಹೋಗಿರಲಿಲ್ಲ. ಹೋಗಿರಲಿಲ್ಲವೋ, ಹೋಗಿ ಹಿಂದಕ್ಕೆ ಬಂದಿತ್ತೋ? ಈಗ ಹೇಳಲಾರಳು. ವರದಿಯ ಕೆಳಗೆ ಇನ್ನೊಂದು ಸಹಿ ಇತ್ತು, ಅದನ್ನು ಪರಿಶೀಲಿಸಿ ಒಪ್ಪಿದವರದು. ಮುಖ್ಯಸ್ಥನ ಹೆಬ್ಬೆರಳು ಸರಿಯಾಗಿ ಆ ಸಹಿಯ ಮೇಲೆ ಕುಳಿತಿತ್ತು.

ಕೋಟಿನ ಜೇಬಿನಲ್ಲಿ ಫೋನು ನಡುಗಿತು. ಹತ್ತೂವರೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತು, ಯಂತ್ರ ಶುರುವಾದ ಮೇಲೆ, ಬಿಡುವಾದ ಕೈಯಿಂದ ತಮ್ಮ ಅವಳಿಗೆ ಫೋನು ಮಾಡುತ್ತಾನೆ. ನನ್ನದು ಹೇಗಿದೆ ಎನ್ನುತ್ತಾನೆ. ಊಟ ಮಾಡ್ತು ಎನ್ನುತ್ತಾಳೆ. ಎಷ್ಟು ನೀರು ಕೊಟ್ಟೆ? ಒಂದು ತಟ್ಟೆಗೆ ಎರಡು ಮಿಲಿ. ನನಗೆ ದಿನಕ್ಕೆ ಅರ್ಧ ಲೀಟರ್ ಅಂತ ಕಟ್ಟು ಮಾಡಿದಾರೆ, ನನ್ನ ಪಾಲು ಅದಕ್ಕೇ ಹಾಕು, ಅದಾದ್ರೂ ಹೊಟ್ಟೆ ತುಂಬ ಕುಡೀಲಿ. ಇಷ್ಟೇ ಮಾತು, ನಾಲ್ಕು ವರ್ಷ, ವಾರಕ್ಕೆ ಮೂರು ಸಲ. ಒಂಬತ್ತರಲ್ಲಿ ರೋಗದ ಗುರುತೇ ಕಾಣುವುದಿಲ್ಲವೆಂದು ಮೊದಲ ವರ್ಷದ ಕೊನೆಗೆ ತಿಳಿದಾಗ, ಹಾಗಾದರೆ ದೋಷ ಮೂತ್ರಪಿಂಡದಲ್ಲಿಲ್ಲ, ದೇಹದಲ್ಲಿ ಬೇರೆಲ್ಲೋ ಇದೆ ಎಂದು ಮುಖ್ಯಸ್ಥ ದೊಡ್ಡದೊಂದು ವಾದ ಕಟ್ಟಿದ. ಅವಳು ಅದನ್ನು ಫೋನಿನಲ್ಲಿ ಸಡಗರದಿಂದ ತಮ್ಮನಿಗೆ ಹೇಳಿದ್ದಳು: ನಿನ್ನ ಕಿಡ್ನಿದೇನೂ ತಪ್ಪಿಲ್ಲ ಕಣೋ. ಆಚೆಯಿಂದ, ಯಂತ್ರದ ಸದ್ದಿನ ನಡುವೆ, ಅವನು ನಕ್ಕಿದ್ದ. ಹಾಗಾದ್ರೆ ತಪ್ಪು ಯಾರದಪ್ಪಾ ಎಂದಿದ್ದ.

"ತಗೊಳ್ಳಿ ಫೋನು," ಎಂದ ಮುಖ್ಯಸ್ಥ. ಅವಳು ತೆಗೆದುಕೊಳ್ಳಲಿಲ್ಲ. ಅದು ನಡುಗಿ ನಡುಗಿ ಸುಮ್ಮನಾಯಿತು. "ಲೇಖನ ವಾಪಸ್ ತರಿಸ್ಕೋಬೇಕು. ನಾಲ್ಕು ವರ್ಷದ ಕೆಲಸ ನೀರು ಪಾಲು. ನಿಮ್ಮನ್ನ ಅಂತಲ್ಲ. ಒಂಬತ್ತನ್ನ ಮಾತ್ರ ಸಂಜೆಯೊಳಗೆ ತೆಗೆದುಬಿಡಿ. ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಿ." ನಿಮ್ಮನ್ನ ಅಂತಲ್ಲ ಎಂದರೆ ನಿಮ್ಮನ್ನೇ ಎಂದು ಅರ್ಥ. ಅವಳು ಅರ್ಧ ದಿನದ ರಜೆ ಕೇಳಿದಳು. ಅವನು ಸಂಜೆಯೊಳಗೆ ಎಂಬುದನ್ನು ಇನ್ನೊಮ್ಮೆ ಹೇಳಿ ಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಯಾವ ಹೆಂಗಸು ಎಂಬ ಪ್ರಶ್ನೆ ಅವಳಿಗೆ ಬರಲೇ ಇಲ್ಲ. ಕಾಗದ ನೋಡಿದ ಗಳಿಗೆಯಲ್ಲೇ ಉತ್ತರ ಬಂದು ಕುಳಿತಿತ್ತು. ನಾಲ್ಕು ವರ್ಷಗಳ ಹಿಂದಿನ ಆ ಬಾಟಲಿ. ತಿರುಗಿಸಿ ಮುಚ್ಚುವ, ಒಳಗೆ ಇನ್ನೊಂದು ಮುಚ್ಚಳವಿರುವ ಬಾಟಲಿಯನ್ನು ಅವಳೇ ತಮ್ಮನ ಮನೆಗೆ ಒಯ್ದು, ಬಾಗಿಲಲ್ಲೇ ನಿಂತು, ಬೆಳಗಿನದು ಬೇಡ, ಎರಡನೆಯ ಸಲದ್ದು, ಒಳಗಡೆ ಬೆರಳು ತಾಗಬಾರದು ಎಂದೆಲ್ಲ ಹೇಳಿದ್ದಳು. ಎರಡು ದಿನ ಬಿಟ್ಟು ಸಂಜೆ ಹೋದಾಗ ತಮ್ಮನ ಹೆಂಡತಿ ಅದನ್ನು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಳು. ತಮ್ಮನ ಹೆಂಡತಿ ಬಟ್ಟೆ ಹೊಲಿಯುವವಳು, ಮನೆಯ ಮುಂಗೋಣೆಯಲ್ಲೇ ಅವಳ ಯಂತ್ರ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿಯೇ ಕೊಡುತ್ತಾಳೆ. ಬಾಟಲಿ ಬೆಚ್ಚಗಿತ್ತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಆ ಬಿಸುಪನ್ನು ಎರಡು ಅಂಗೈಗಳಲ್ಲಿ ಹಿಡಿದಿದ್ದಳು. ಚಿಕ್ಕವನಿದ್ದಾಗ ತಮ್ಮ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿದರೆ, ಅಮ್ಮ ಏಳುವ ಮೊದಲು ಬಟ್ಟೆ ಬದಲಾಯಿಸಿ ಯಾರಿಗೂ ಹೇಳದೆ ಬಿಡುತ್ತಿದ್ದವಳು ಅವಳೇ; ಆ ಗುಟ್ಟಿನ ಬಿಸುಪು ಇದು ಎಂದುಕೊಂಡಿದ್ದಳು. ಈಗ ಆ ಅಂಗೈಗಳನ್ನು ತೊಡೆಯ ಮೇಲೆ ತಿರುಗಿಸಿ ನೋಡಿದಳು. ಬೇರೆಯವಳೊಬ್ಬಳ ಬಿಸುಪು. ಪ್ರಯೋಗಾಲಯಕ್ಕೆ ಬಂದು ಅಳತೆ ಮಾಡಿ ಪುಸ್ತಕದಲ್ಲಿ ಬರೆದದ್ದೂ ನೆನಪಾಯಿತು: ನೂರ ಎಂಬತ್ತು ಮಿಲಿ. ಮೂರು ವರ್ಷ ಡಯಾಲಿಸಿಸ್ ಮಾಡಿಸಿಕೊಂಡವನ ಒಣಗಿದ ಮೂತ್ರಪಿಂಡಗಳು ಒಂದು ಸಲಕ್ಕೆ ನೂರ ಎಂಬತ್ತು ಮಿಲಿ ಕೊಡುವುದಿಲ್ಲ. ಹತ್ತು ದಿನ ಕೂಡಿಟ್ಟರೂ ಅನುಮಾನ. ಇದು ಅವಳಿಗೆ ಗೊತ್ತಿರಬೇಕಾದದ್ದು, ಅವಳಿಗೇ ಗೊತ್ತಿರಬೇಕಾದದ್ದು. ಬರೆದು, ಹೆಮ್ಮೆಪಟ್ಟು, ಪುಸ್ತಕ ಮುಚ್ಚಿದ್ದಳು.

ಅವರು ಮೋಸ ಮಾಡಿದರು. ಈ ವಾಕ್ಯವನ್ನು ಅವಳು ಬಸ್ಸಿನಲ್ಲಿ ತುಟಿಯಾಡಿಸದೆ ನಾಲ್ಕು ಸಲ ಹೇಳಿಕೊಂಡಳು. ಪ್ರತಿ ಸಲವೂ ಅದರ ಬಾಲದಲ್ಲಿ ಬೇರೊಂದು ಕೋಣೆ ತೆರೆದುಕೊಳ್ಳುತ್ತಿತ್ತು, ಪ್ರತಿ ಸಲವೂ ಅದನ್ನು ಮುಚ್ಚುತ್ತಿದ್ದಳು. ಐದನೆಯ ಸಲ ಮುಚ್ಚಲಾಗಲಿಲ್ಲ. ಏಳು ವರ್ಷಗಳ ಹಿಂದೆ, ಕಸಿ ಮಾಡುವ ಡಾಕ್ಟರರ ಕೋಣೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೂತ್ರಪಿಂಡ, ಎರಡು ಹೋಳಾಗಿ ಬಿಚ್ಚಿಕೊಳ್ಳುವಂಥದ್ದು; ಅದರ ಕೊಂಡಿ ಮುರಿದಿದ್ದರಿಂದ ಹೋಳುಗಳು ಕೂಡದೆ ಬಾಯಿ ಬಿಟ್ಟುಕೊಂಡಿದ್ದವು. ಡಾಕ್ಟರು ಎದ್ದು ಬಾಗಿಲು ಹಾಕಿ ಬಂದು ಕುಳಿತು, ದಾನ ಕೊಡುವವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳುವುದು ನಮ್ಮ ಪದ್ಧತಿ ಎಂದರು. ನಿಮಗೆ ಮನಸ್ಸಿಲ್ಲದಿದ್ದರೆ ನನಗೆ ಹೇಳಿ. ಹೊಂದುವುದಿಲ್ಲ ಎಂದು ನಾನೇ ಬರೆಯುತ್ತೇನೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಯಾರಿಗೂ ಹೇಳುವುದಿಲ್ಲ. ಅವಳು ಇಲ್ಲ ಎನ್ನಲಿಲ್ಲ. ಇದು ಅವಳು ತನಗೆ ತಾನೇ ಮತ್ತೆ ಮತ್ತೆ ನೆನಪಿಸಿಕೊಳ್ಳುವ ಸಂಗತಿ: ಇಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಎರಡರಲ್ಲಿ ಒಂದು ಕಳೆದರೆ ಒಂದು ಉಳಿಯುತ್ತದೆ. ಅಷ್ಟು ಸಣ್ಣ ವ್ಯವಕಲನವನ್ನು ಅವಳು ಆ ಬಾಯಿಬಿಟ್ಟ ಹೋಳುಗಳ ಮುಂದೆ ಕುಳಿತು ಮಾಡುತ್ತಲೇ ಇದ್ದಳು, ಉತ್ತರ ಬರುತ್ತಿರಲಿಲ್ಲ. ಡಾಕ್ಟರು ಗಡಿಯಾರ ನೋಡಿದರು. ಆಮೇಲೆ ಸಣ್ಣ ಅಕ್ಷರದಲ್ಲಿ ಒಂದೇ ಪದ ಬರೆದು ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಮ್ಮನಿಗೂ ಅವನ ಹೆಂಡತಿಗೂ, ಹೊಂದಲ್ಲಂತೆ ಎಂದು ಅವಳು ಹೇಳಿದಾಗ, ಆ 'ಅಂತೆ' ಎಂಬುದರಲ್ಲಿ ಎಷ್ಟು ಸಲೀಸಾಗಿ ಅಡಗಿಕೊಂಡಿದ್ದಳು! ಪರವಾಗಿಲ್ಲ ಬಿಡೆ, ನೀನೇನು ಮಾಡ್ತೀಯ ಎಂದಿದ್ದ ತಮ್ಮ. ಅಂದಿನಿಂದ ವಾರಕ್ಕೆ ಮೂರು, ವರ್ಷಕ್ಕೆ ನೂರ ಐವತ್ತಾರು, ಏಳು ವರ್ಷಕ್ಕೆ ಸಾವಿರದ ತೊಂಬತ್ತೆರಡು ಸಲ ಅವನು ಆ ಕುರ್ಚಿಯಲ್ಲಿ ಕುಳಿತಿದ್ದಾನೆ. ಸಲಕ್ಕೆ ನಾಲ್ಕು ಗಂಟೆ. ಹಗಲನ್ನೂ ರಾತ್ರಿಯನ್ನೂ ಸೇರಿಸಿ ದಿನ ಮಾಡಿದರೆ ನೂರ ಎಂಬತ್ತೆರಡು ದಿನ, ಅಂದರೆ ಅರ್ಧ ವರ್ಷ. ಈ ಲೆಕ್ಕವನ್ನು ಅವಳು ತಿಂಗಳಿಗೊಮ್ಮೆಯಾದರೂ ಹೊಸದಾಗಿ ಮಾಡುತ್ತಾಳೆ. ಅದರ ಎದುರಿಗೆ ಒಂಬತ್ತರ ಊಟಗಳನ್ನು ಬರೆಯುತ್ತಾಳೆ. ಇವತ್ತು ಆ ಎದುರಿನ ಸಾಲನ್ನು ಯಾರೋ ಅಳಿಸಿದ್ದರು.

ಡಯಾಲಿಸಿಸ್ ಹಾಲಿನಲ್ಲಿ ಎಂಟು ಕುರ್ಚಿ. ಆರನೆಯದರಲ್ಲಿ ತಮ್ಮ, ಎಡಗೈಯನ್ನು ದಿಂಬಿನ ಮೇಲೆ ಚಾಚಿ ಒರಗಿದ್ದ. ಕೈಯಿಂದ ಹೊರಟ ರಕ್ತ ನಳಿಕೆಯಲ್ಲಿ ಯಂತ್ರದವರೆಗೆ ಹೋಗಿ, ತೊಳೆದುಕೊಂಡು, ಮರಳುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಏಳನೆಯ ಕುರ್ಚಿಯಲ್ಲಿ ಎಂದಿನ ಬಸ್ ಡ್ರೈವರ್.

"ಬಾರೇ ಅಕ್ಕ," ಎಂದ ತಮ್ಮ. "ಫೋನ್ ಎತ್ತಲಿಲ್ಲ. ನನ್ನದು ಹೊಗೆ ಹಾಕಿಸ್ಕೊಂಡ್ತೇನೋ ಅಂದ್ಕೊಂಡೆ."

"ಯಾರಿದು?" ಎಂದು ಆಚೆ ಕುರ್ಚಿಯ ಹೊಸ ರೋಗಿ ಕೇಳಿದ.

"ನನ್ನ ಕಿಡ್ನಿಯ ಸಾಕುತಾಯಿ," ಎಂದ ತಮ್ಮ.

"ನಮ್ಮದೂ ಒಂದು ಹಾಕ್ಬಿಡಿ ಅಕ್ಕ," ಎಂದ ಡ್ರೈವರ್. "ಒಂದಕ್ಕೆ ಒಂದು ಜೊತೆಯಾಗಲಿ. ಈ ಗಾಡಿಯಂತೂ ಇನ್ನೆಷ್ಟು ಓಡುತ್ತೋ."

ಎಲ್ಲರೂ ನಕ್ಕರು. ನಾಲ್ಕು ವರ್ಷಗಳಿಂದ ಈ ನಗೆಗೆ ಅವಳೂ ನಕ್ಕಿದ್ದಾಳೆ, ಸ್ವಲ್ಪ ಸಂಕೋಚದಲ್ಲಿ, ಸ್ವಲ್ಪ ಹೆಮ್ಮೆಯಲ್ಲಿ. ಇವರಿಗೆಲ್ಲ ಗೊತ್ತಿತ್ತೇ? ಡ್ರೈವರನಿಗೂ? ಹಾಗೆ ಕೇಳಿಕೊಂಡದ್ದೇ ತಡ, ಬಸ್ಸಿನಿಂದ ಇಲ್ಲಿಯವರೆಗೆ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಲಸಿಹೋಗಿ ಒಂದೇ ಉಳಿಯಿತು.

"ಆ ಬಾಟ್ಲಿ ತುಂಬಿದ್ದು ಯಾರು?"

ಸೂಜಿ ಗುಂಡಿಯ ಎರಡನೆಯ ತೂತಿನಲ್ಲಿ ನಿಂತಿತು. "ನಾನು," ಎಂದಳು ತಮ್ಮನ ಹೆಂಡತಿ. ಕಿಟಕಿ ಹಾಕಿದ್ದು ಯಾರು ಎಂದು ಕೇಳಿದರೆ ಹೇಳುವಷ್ಟು ಸರಳವಾಗಿ ಹೇಳಿದಳು. "ಎರಡು ದಿನ ಕೂತ್ರು ಅತ್ತಿಗೆ. ಒಂದು ಚಮಚ ಬರಲಿಲ್ಲ. ನೀವು ಸಂಜೆ ಬರ್ತೀನಿ ಅಂದಿದ್ರಿ."

"ಬರಲಿಲ್ಲ ಅಂತ ಹೇಳಿದ್ರೆ ಆಗ್ತಿರಲಿಲ್ವಾ?"

"ನೀವು ಬಾಗಿಲಲ್ಲಿ ಬಾಟ್ಲಿ ಹಿಡ್ಕೊಂಡು ನಿಂತಿದ್ದು ನೋಡಿದ್ರೆ ಯಾರಿಗೂ ಹೇಳಕ್ಕೆ ಬಾಯಿ ಬರ್ತಿರಲಿಲ್ಲ."

"ನನಗೂ ನಾಚಿಕೆ ಆಯ್ತು ಕಣೆ," ಎಂದ ತಮ್ಮ, ನಗಿಸುವ ದನಿಯಲ್ಲಿ. "ಚಿಕ್ಕೋನಿದ್ದಾಗ ಹಾಸಿಗೆ ತುಂಬ ಮಾಡ್ತಿದ್ದೋನು, ಒಂದು ಬಾಟ್ಲಿ ತುಂಬಿಸಕ್ಕಾಗಲಿಲ್ಲ ಅಂದ್ರೆ."

"ನಗಬೇಡ." ಅವಳ ಧ್ವನಿ ಏರಿತು, ದೂರದಲ್ಲಿ ನರ್ಸ್ ತಲೆಯೆತ್ತಿದಳು. "ನಾಲ್ಕು ವರ್ಷ. ನಾಲ್ಕು ವರ್ಷ ಗಂಡ ಹೆಂಡತಿ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಮೂರು ದಿನ ಒಂದು ಕಡೆ ಹೋಗಿ ಉಳಿದಿಲ್ಲ ನಾನು, ಅದು ಹಸ್ಕೊಂಡಿರುತ್ತೆ ಅಂತ. ಇವತ್ತು ಆ ಸೀಮೆಸುಣ್ಣದ ಮುಂದೆ ಕಳ್ಳಿ ಥರ ಕೂತು ಬಂದೆ. ಯಾರದೋ ಹೊಟ್ಟೆಯದನ್ನ ನನ್ನ ತಮ್ಮಂದು ಅಂತ..."

ತಮ್ಮನ ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಮಡಿಚಿ ತೊಡೆಯ ಮೇಲಿಟ್ಟಳು. "ನಮ್ಮದು ನಾಲ್ಕು ಅತ್ತಿಗೆ," ಎಂದಳು. "ನಿಮ್ಮದು ಏಳು."

ಡ್ರೈವರ್ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನಂತೆ ಮುಖ ಆಚೆ ತಿರುಗಿಸಿದ. ಯಂತ್ರದ ಚಕ್ರ ಒಂದೇ ಸಮನೆ ತಿರುಗುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ತಾನು ಅದನ್ನು ಎಣಿಸುತ್ತಿರುವುದು ತಿಳಿದು ಅಕ್ಕ ನಿಲ್ಲಿಸಿದಳು. ತಮ್ಮನ ಹೆಂಡತಿ ದನಿ ಏರಿಸಲಿಲ್ಲ, ಅಳತೆ ಹೇಳಿ ಬರೆಸುವವಳಂತೆ ಹೇಳುತ್ತಾ ಹೋದಳು. "ನನ್ನದು ರಕ್ತದ ಗುಂಪೇ ಬೇರೆ ಅಂದ್ರು, ಆಗಲಿಲ್ಲ. ನಿಮ್ಮದು ಆರಕ್ಕೆ ಆರೂ ಹೊಂದುತ್ತೆ ಅಂತ ಅಚ್ಚಾಗಿತ್ತು. ಕೌಂಟರಿನಿಂದ ಈಸ್ಕೊಂಡು ಡಾಕ್ಟರ ಮೇಜಿನ ಮೇಲಿಟ್ಟೋಳು ನಾನೇ. ಅರ್ಧ ಗಂಟೆ ಬಿಟ್ಟು ನೀವು ಹೊರಗೆ ಬಂದು ಹೊಂದಲ್ಲಂತೆ ಅಂದ್ರಿ."

ಅಕ್ಕ ತಮ್ಮನ ಮುಖ ನೋಡಿದಳು. ಅಲ್ಲಿ ಏನಾದರೂ ಒಡೆಯುತ್ತದೆ, ಈಗ ಒಡೆಯುತ್ತದೆ ಎಂದು ಕಾದಳು. ಅವನು ಕಣ್ಣು ಮುಚ್ಚಿದ್ದ. ರೆಪ್ಪೆಗಳು ಶಾಂತವಾಗಿದ್ದವು.

"ಇವನಿಗೆ..."

"ಆವತ್ತೇ ಹೇಳಿದೆ."

"ಬ್ಯಾಡ ಬಿಡೇ," ಎಂದ ತಮ್ಮ ಹೆಂಡತಿಗೆ. ಕಣ್ಣು ತೆರೆಯದೆಯೇ ಅಕ್ಕನ ಕಡೆಗೆ ಬಿಡುವಾದ ಕೈಯನ್ನು ಸ್ವಲ್ಪ ಎತ್ತಿದ. ಅದು ಗಾಳಿಯಲ್ಲಿ ನಿಂತು, ಹಿಡಿಯುವವರಿಲ್ಲದೆ ಮತ್ತೆ ತೊಡೆಗೆ ಇಳಿಯಿತು. "ಭಯ ಆಗಿತ್ತು ನಿನಗೆ. ನನಗೂ ಆಗ್ತಿತ್ತು. ಅದರಲ್ಲೇನಿದೆ."

"ಗೊತ್ತಿದ್ದೂ ಗೊತ್ತಿದ್ದೂ ನನ್ನದು ಹೇಗಿದೆ, ನನ್ನದು ಹೇಗಿದೆ ಅಂತ ಯಾಕೆ ಕೇಳ್ತಿದ್ದೆ?"

"ಹೇಳುವಾಗ ನಿನ್ನ ಧ್ವನಿ ಚೆನ್ನಾಗಿರ್ತಿತ್ತು."

"ಹಾಗಾದ್ರೆ ಮೊನ್ನೆ ರಕ್ತ ಯಾಕೆ ಕೊಟ್ಟೆ? ಯಾತಕ್ಕೆ ಅಂತ ಹೇಳಿದ್ದೆ ನಿನಗೆ." ಹೇಳುವಾಗಲೇ ಅವಳಿಗೆ ಮೊನ್ನೆಯದು ಕಣ್ಣಿಗೆ ಕಟ್ಟಿತು. ಇವತ್ತು ಬೇಡ, ಸುಸ್ತಾಗಿದಾರೆ ಎಂದು ತಮ್ಮನ ಹೆಂಡತಿ ಕೊಳವೆಗೆ ಅಡ್ಡ ಕೈ ತಂದದ್ದು. ತಗೊಳ್ಳಿ, ಇದೊಂದು ಧಾರಾಳವಾಗಿದೆ ನನ್ನ ಹತ್ರ ಎಂದು ಇವನು ಆ ಕೈಯನ್ನು ಪಕ್ಕಕ್ಕೆ ಸರಿಸಿದ್ದು.

"ಸಾಕಾಗಿತ್ತು ಅಕ್ಕ."

"ಏನು ಸಾಕಾಗಿತ್ತು?"

"ಸಮಾಧಾನ ಮಾಡೋದು."

ಸಮಾಧಾನ ಮಾಡುವುದು ತನ್ನ ಕೆಲಸ ಎಂದು ಅವಳು ತಿಳಿದಿದ್ದಳು. ನಾಲ್ಕು ವರ್ಷ, ವಾರಕ್ಕೆ ಮೂರು ಸಲ, ಊಟ ಮಾಡ್ತು ಎಂದು ರೋಗಿಗೆ ಧೈರ್ಯ ಹೇಳಿ ಫೋನಿಟ್ಟವಳು ತಾನು. ಈ ಕಡೆ ಫೋನಿಟ್ಟು ಇವರಿಬ್ಬರು ಮುಖ ಮುಖ ನೋಡಿಕೊಂಡಿರಬೇಕು. ಇವತ್ತು ಹೇಗಿದ್ರು ಎಂದು ಹೆಂಡತಿ ಕೇಳಿರಬೇಕು. ಪರವಾಗಿಲ್ಲ, ಖುಷಿಯಾಗಿದ್ಲು ಎಂದು ಗಂಡ ಹೇಳಿರಬೇಕು. ರಚ್ಚೆ ಹಿಡಿದ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ ಅವಳ ಕೈಗೆ ಒಂದು ಬೆಚ್ಚಗಿನ ಬಾಟಲಿ ಕೊಟ್ಟಿದ್ದರು. ಇವರು ಬೈದಿದ್ದರೆ, ಮನೆಗೆ ಸೇರಿಸದೆ ಹೋಗಿದ್ದರೆ, ತಾನೂ ತಿರುಗಿ ಏನಾದರೂ ಹೇಳಬಹುದಿತ್ತು. ಕರುಣೆಗೆ ಹೇಳಲು ಮಾತಿರಲಿಲ್ಲ. ಬಸ್ಸಿನಲ್ಲಿ ತುಂಬಿಕೊಂಡು ಬಂದ ಸಿಟ್ಟು ಎದೆಯಲ್ಲೇ ಇತ್ತು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ; ಅದನ್ನು ಇಳಿಸಲು ಜಾಗ ಮಾತ್ರ ಇಲ್ಲವಾಗಿತ್ತು. ಅವಳು ತಿರುಗಿ ನಡೆದಳು. ಬಾಗಿಲಿನ ಹತ್ತಿರ ಹಿಂದಿನಿಂದ ಚಪ್ಪಲಿಯ ಸದ್ದು ಬಂತು.

"ಅತ್ತಿಗೆ, ನಿಮ್ಮ ಚೀಲ."

ತೆಗೆದುಕೊಂಡಳು. ತಮ್ಮನ ಹೆಂಡತಿ ಹೋಗದೆ ನಿಂತಳು. ಅವಳ ಕುಪ್ಪಸಕ್ಕೆ ಸಿಕ್ಕಿಸಿದ ಸೂಜಿಯಲ್ಲಿ ಇನ್ನೂ ಗೇಣುದ್ದ ದಾರವಿತ್ತು. "ಈಗ ಅದನ್ನೇನು ಮಾಡ್ತೀರಿ?"

"ಯಾವುದನ್ನ?"

"ನನ್ನದನ್ನ."

"ಸಂಜೆ ತೆಗೀಬೇಕಂತೆ." ಮತ್ತೆ ಅಂತೆ.

"ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ. ಒಂದ್ಸಲ ನೋಡ್ಬೋದಾ?"

"ಹೊರಗಿನವರನ್ನ ಬಿಡಲ್ಲ," ಎಂದಳು ಅಕ್ಕ. ಅದು ನಿಜವಾದ ನಿಯಮವೇ ಆಗಿತ್ತು.

ಪ್ರಯೋಗಾಲಯಕ್ಕೆ ಮರಳಿದಾಗ ಐದಾಗಿತ್ತು. ಮುಖ್ಯಸ್ಥ ಗಾಜಿನ ಕೋಣೆಯಲ್ಲಿ ಫೋನಿನಲ್ಲಿದ್ದ. ಅವಳನ್ನು ಕಂಡು ತಲೆಯಾಡಿಸಿ ಬೆನ್ನು ತಿರುಗಿಸಿದ. ಒಂಬತ್ತರ ತಟ್ಟೆಗಳು ಆರು. ಒಂದೊಂದಾಗಿ ಹೊರತೆಗೆದು ಸಾಲಾಗಿ ಇಟ್ಟಳು. ಇವತ್ತು ಊಟದ ದಿನ. ಎರಡು ದಿನಗಳ ಹಳೆಯ ದ್ರವ ಗುಲಾಬಿಯಿಂದ ಕಿತ್ತಳೆಗೆ ತಿರುಗಲು ಶುರುವಾಗಿತ್ತು, ಒಳಗಿನವು ಹಸಿದಿವೆ ಎಂಬುದರ ಗುರುತು ಅದು. ಕೈ ಅಭ್ಯಾಸದಿಂದ ಹೊಸ ದ್ರವದ ಶೀಸೆಯ ಕಡೆಗೇ ಹೋಯಿತು. ಅದನ್ನು ತಡೆದು, ಮೊದಲ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸುರುಳಿ ಸುರುಳಿಯಾದ ನಾಳಗಳು, ಒಂದರ ಮೈಗೆ ಒಂದು ಒರಗಿಕೊಂಡು, ಎಲ್ಲೂ ಒಂದು ಗಾಯವಿಲ್ಲದೆ. ಎಷ್ಟು ಸಲ ನೋಡಿ, ಈ ಹುಡುಗನಿಗೆ ಹೀಗೇಕಾಯಿತೋ ಎಂದು ನಿಟ್ಟುಸಿರು ಬಿಟ್ಟಿದ್ದಳು! ಕೇಳಿದ ಗಳಿಗೆಯಲ್ಲಿ ತೋಳು ಚಾಚಿ ಕೊಡಲು ಕುಳಿತಿದ್ದ, ಗುಂಪು ಬೇರೆ ಎಂಬ ಒಂದೇ ಕಾರಣಕ್ಕೆ ಎದ್ದು ಬರಬೇಕಾದ ಹೆಂಗಸಿನದು ಇದು. ಕೊಟ್ಟೇ ತೀರಿದಳಲ್ಲ, ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದು ಹೊಟ್ಟೆಕಿಚ್ಚೆಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಬ್ಲೀಚನ್ನು ಅಳೆದು ಸುರಿದಳು. ದ್ರವದ ಬಣ್ಣ ಅಂಚಿನಿಂದ ನಡುವಿನವರೆಗೆ ಸರಿದು ಮಾಯವಾಗಿ, ತಟ್ಟೆ ನೀರಿನಂತೆ ತಿಳಿಯಾಯಿತು. ಎರಡನೆಯದಕ್ಕೆ ಸುರಿಯುವಾಗ ಕೈಗೆ ಹಿತವೆನಿಸಿತು. ಮೂರನೆಯದಕ್ಕೆ ಆ ಹಿತವೇ ಅಸಹ್ಯವಾಗಿ, ನಾಲ್ಕು ಐದು ಆರನ್ನು ಬೇಗ ಬೇಗ ಮುಗಿಸಿದಳು. ನಿಯಮದಂತೆ ಇಪ್ಪತ್ತು ನಿಮಿಷ ಕಾಯಬೇಕು. ಕಾಯುತ್ತಾ ಪುಸ್ತಕ ಬಿಡಿಸಿದಳು. ಸಾಲಿನ ಸಂಖ್ಯೆ ಬರೆದಳು. ದಿನಾಂಕ ಬರೆದಳು. ತಟ್ಟೆಗಳು ಆರು ಎಂದು ಬರೆದಳು. ಮುಂದಿನ ಕಾಲಂ ಕಾರಣದ್ದು. ಸಾಲು ದಾನಿಯದಲ್ಲವೆಂದು ಕಂಡುಬಂದಾಗ ಬರೆಯಬೇಕಾದ ಪದ ಇಲ್ಲಿ ಹಿಂದಿನಿಂದಲೂ ಒಂದೇ. ಹಿಂದಿನ ಯೋಜನೆಯ ಮೂರನೆಯ ಸಾಲಿಗೂ ಹನ್ನೊಂದನೆಯದಕ್ಕೂ ಅವಳೇ ಅದನ್ನು ಬರೆದಿದ್ದಳು, ಪೆನ್ನು ಎತ್ತದೆ. ಈಗ ಪೆನ್ನನ್ನು ಕಾಗದಕ್ಕೆ ತಾಗಿಸಿ ಬಹಳ ಹೊತ್ತು ಕುಳಿತಳು. ತುದಿಯ ಸುತ್ತ ಶಾಯಿ ಹರಡಿ ಒಂದು ಚುಕ್ಕೆಯಾಯಿತು. ನಂತರ ಬರೆದಳು: ಹೊಂದುವುದಿಲ್ಲ.

ಅದೇ ಪದ. ಅಂದು ಅದನ್ನು ಬರೆದವರು ಡಾಕ್ಟರು, ಸಹಿ ಅವರದು, ಅವಳು ಬಾಯಿ ತೆರೆದಿರಲೇ ಇಲ್ಲ. ಪದದ ಮುಂದೆ ಇನ್ನೂ ಜಾಗವಿತ್ತು. ಅವಳು ಮೊದಲ ಬಾರಿಗೆ ಆ ಖಾಲಿ ಜಾಗವನ್ನು ಬಲತುದಿಯ ಗೆರೆಯವರೆಗೆ ಕಣ್ಣಿನಿಂದ ಓದಿಕೊಂಡು ಹೋದಳು; ಗೆರೆ ಮುಟ್ಟಿದ ಮೇಲೆ ಅದರ ಕೆಳಗೆ ತನ್ನ ಸಹಿ ಹಾಕಿದಳು, ಪೂರ್ತಿ ಹೆಸರಿನಲ್ಲಿ. ಸರಿಯ ಗುರುತು ಹಾಕುವ ಚೌಕವನ್ನು ಹಾಗೆಯೇ ಬಿಟ್ಟು, ಪುಸ್ತಕ ಮುಚ್ಚದೆ, ತಿಳಿಯಾದ ಆರು ತಟ್ಟೆಗಳ ಮುಂದೆ ಉಳಿದ ನಿಮಿಷಗಳನ್ನು ಕಾಯುತ್ತ ಕುಳಿತಳು. ಎಣಿಸಲಿಲ್ಲ.